ಔರಾದದ ಬೆಚ್ಚಗಿನ ಶಾಲು

ಕಳೆದ ತಿಂಗಳು ಬೀದರದ ಒಂದು ಕಾಲೇಜಿನವರು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದಿದ್ದರು. ಮುಗಿದ ಮೇಲೆ ರೂಢಿಯಂತೆ ಶಾಲು ಹೊದಿಸಿದರು. ಅದನ್ನು ಮಡಚಿ ಕೈಚೀಲದ ಮೇಲಿಟ್ಟುಕೊಂಡು ಆಟೋ ಹತ್ತಿದೆ. ಮಧ್ಯಾಹ್ನದ ಬಿಸಿಲು ಸೀದಾ ತೊಡೆಯ ಮೇಲೆ ಬೀಳುತ್ತಿತ್ತು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಶಾಲು ಕಾಯ್ದು ಒಂದು ವಾಸನೆ ಎದ್ದಿತು. ಅಗ್ಗದ ಜರಿ, ಹೊಸ ಬಟ್ಟೆಯ ಗಂಜಿ, ಸ್ವಲ್ಪ ಇಸ್ತ್ರಿ ಅಂಗಡಿ. ಬೇರೆಯವರಿಗೆ ಅದು ಸನ್ಮಾನದ ವಾಸನೆ ಇರಬಹುದು. ನನಗೆ ಅದು ನಾನು ಸೋತ ಒಂದು ಮುಂಗಾರಿನ ವಾಸನೆ.

ಆ ವರ್ಷ ಡಿಗ್ರಿ ಮುಗಿದಿತ್ತು. ಚರ್ಚೆಯಲ್ಲಿ ಗೆದ್ದ ಏಳು ಫಲಕಗಳು ಮನೆಯಲ್ಲಿ ಟಿವಿ ಪಕ್ಕ ಸಾಲಾಗಿ ನಿಂತಿದ್ದವು. ಅವ್ವ ಅವುಗಳ ಧೂಳು ಒರೆಸುವಾಗೆಲ್ಲ, "ಇಷ್ಟು ಗೆದ್ದಿ, ಒಬ್ಬರಾದರೂ ನಿನ್ನ ಮಾತು ಕೇಳ್ಯಾರೇನು?" ಅನ್ನುತ್ತಿದ್ದಳು. ನಾನು ಅದಕ್ಕೂ ಮೂರು ಅಂಶಗಳಲ್ಲಿ ಉತ್ತರ ಕೊಡುತ್ತಿದ್ದೆ.

ಕೆಲಸ ಸಿಕ್ಕಿದ್ದು ಒಂದು ಬೀಜ ಸಹಕಾರ ಸಂಘದಲ್ಲಿ, ಆರು ತಿಂಗಳ ಗುತ್ತಿಗೆ. ಮುಖ್ಯ ಕಚೇರಿ ಬೀದರದಲ್ಲಿ, ಶಾಖೆಗಳು ಭಾಲ್ಕಿ ಮತ್ತು ಔರಾದದಲ್ಲಿ. ರೈತರು ಬಂದು ಹೆಸರು, ಹೊಲದ ಸರ್ವೆ ನಂಬರು ಹೇಳುತ್ತಾರೆ. ಆಪರೇಟರು ಅದನ್ನು ಕಂಪ್ಯೂಟರಿಗೆ ಹಾಕಿ ಚೀಟಿ ತೆಗೆದುಕೊಡುತ್ತಾರೆ. ಆ ಚೀಟಿ ತೋರಿಸಿದರೆ ಬೀಜದ ಚೀಲ. ಇದರಲ್ಲಿ ನನ್ನ ಕೆಲಸ ಏನು? ಕಂಪ್ಯೂಟರುಗಳು ಕುಡಿಯುವ ಕರೆಂಟನ್ನು ಕಡಿಮೆ ಮಾಡುವುದು.

ಮ್ಯಾನೇಜರ್ ಪಾಟೀಲ ಸರ್ ಮೊದಲ ದಿನ ಮೂರು ಬಿಳಿ ಡಬ್ಬಿ ಮೇಜಿನ ಮೇಲಿಟ್ಟರು. ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಮೀಟರು. ಎಷ್ಟು ಯೂನಿಟ್ ಹರಿಯಿತೆಂದು ಅದರಲ್ಲಿ ಅಂಕಿ ಏರುತ್ತ ಹೋಗುತ್ತದೆ.

"ಮೂರು ಆಫೀಸಿಗೆ ಮೂರು ಹಚ್ಚ್ರಿ ಮೇಡಂ. ಸೋಮವಾರಕ್ಕೊಮ್ಮೆ ಹೋಗಿ ಬರ್ಕೊಂಡು ಬರ್ರಿ. ದಸರಾ ಆದಮ್ಯಾಲ ಕಮಿಟಿ ಕೂಡ್ತದ. ಕಮ್ಮಿ ಸುಟ್ಟವರಿಗೆ ಶಾಲು."

"ಹೆಚ್ಚು ಸುಟ್ಟವರಿಗೆ?"

"ಅವರ ಗುತ್ತಿಗಿ ಮುಂದ ಹೋಗಂಗಿಲ್ಲ."

ನನಗೆ ಅಲ್ಲಿಂದಲೇ ಸಂಶಯ ಶುರು. ಅವರ ಕೋಣೆಯ ಏಸಿ ನೆತ್ತಿಯ ಮೇಲೆ ಗುಂಯ್ ಅನ್ನುತ್ತಿತ್ತು, ಅದಕ್ಕೆ ಮೀಟರಿಲ್ಲ. "ಕರೆಂಟ್ ಉಳಿಸಿರಿ" ಎಂಬ ಬಣ್ಣದ ಹಾಳೆಗಳನ್ನು ಅದೇ ವಾರ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಹೊದಿಸಿ, ಶೌಚಾಲಯದ ಬಾಗಿಲಿಗೂ ಅಂಟಿಸಿದ್ದರು. ಆ ಹಾಳೆಗಳಿಗೆ ಎಷ್ಟು ಯೂನಿಟ್ ಹೋಯಿತು ಎಂದು ಕೇಳಿದೆ. ಪಾಟೀಲ ಸರ್ ನಕ್ಕು, "ವಕೀಲಿ ಮಾಡಬೇಕಿತ್ತು ನೀವು" ಅಂದರು. ಉತ್ತರ ಇಲ್ಲದವರು ನನಗೆ ಕೊಡುವ ಸಲಹೆ ಯಾವಾಗಲೂ ಅದೇ.

ಮುಖ್ಯ ಕಚೇರಿಯಲ್ಲಿ ಎಲ್ಲ ಕಂಪ್ಯೂಟರುಗಳ ವೈರು ಸೇರುವ ಒಂದು ಪ್ಲಗ್ಗಿಗೆ ಮೀಟರು ಹಚ್ಚಿದೆ. ಅಲ್ಲಿ ಯಾರೂ ಕಂಪ್ಯೂಟರ್ ಆರಿಸುತ್ತಿರಲಿಲ್ಲ. ಪರದೆಯ ಗುಂಡಿ ಒತ್ತಿ, ಅದು ಕಪ್ಪಾದರೆ ಮುಗಿಯಿತು ಎಂದು ಮನೆಗೆ ಹೋಗುತ್ತಿದ್ದರು. ಕೆಳಗೆ ಕಂಪ್ಯೂಟರಿನ ಡಬ್ಬಿಯೊಳಗೆ ಫ್ಯಾನು ಮಾತ್ರ ರಜಾ ದಿನವೂ ಗಿರಗಿರ ತಿರುಗುತ್ತಿತ್ತು. ಹತ್ತು ನಿಮಿಷ ಮುಟ್ಟದಿದ್ದರೆ ತಾನೇ ಮಲಗುವಂತೆ ಎಲ್ಲ ಕಂಪ್ಯೂಟರುಗಳನ್ನು ಹೊಂದಿಸಿದೆ. ಪರದೆಯ ಬೆಳಕು ಇಳಿಸಿದೆ. ಸಂಜೆ ಬೋರ್ಡಿನ ಸ್ವಿಚ್ಚನ್ನೇ ಆರಿಸುವ ಪಾಳಿ ಬರೆದು ಹಚ್ಚಿದೆ. ವಾರದ ಲೆಕ್ಕದ ಅಂಕಿ ಎರಡು ವಾರ ಇಳಿಯಿತು, ಮೂರನೆಯ ವಾರ ಇಳಿಯುವುದು ನಿಂತಿತು. ಯಾಕೆಂದು ಹುಡುಕುತ್ತ ಹೋದರೆ, ಗುಮಾಸ್ತ ರಾಜಣ್ಣನ ಮೇಜಿನ ಮೇಲೆ ಮೌಸು ತಾನೇ ಆಕಡೆ ಈಕಡೆ ಸರಿದಾಡುತ್ತಿತ್ತು, ಕುರ್ಚಿ ಖಾಲಿ. ಮೌಸಿಗೆ ದಾರ ಕಟ್ಟಿ, ದಾರದ ತುದಿಯನ್ನು ಕತ್ತು ತಿರುಗಿಸುವ ಟೇಬಲ್ ಫ್ಯಾನಿಗೆ ಕಟ್ಟಿದ್ದ.

"ಅದು ಮಲಗಿದ್ರ ಎಬ್ಬಸಬೇಕ್ರಿ, ಪಾಸ್‌ವರ್ಡ್ ಹಾಕಬೇಕ್ರಿ," ಅಂದ ರಾಜಣ್ಣ, ಚಹಾ ಕುಡಿದು ಬಂದು. "ಅದಕ್ಕ ಜೋಗುಳ ಹಾಡೂದು ನೀವು, ಎಬ್ಬಸೂದು ನಾ. ಇದ್ಯಾವ ನ್ಯಾಯ?"

ದಾರ ಕತ್ತರಿಸಿದೆ. ಅಂಕಿ ಮತ್ತೆ ಇಳಿಯಿತು. ಆದರೆ ಆ ದಿನದಿಂದ ನನಗೆ ಎಲ್ಲ ಕಂಪ್ಯೂಟರುಗಳ ಹಿಂದೆಯೂ ಒಂದು ದಾರ ಇದೆ ಅನಿಸತೊಡಗಿತು.

ಭಾಲ್ಕಿಯ ಶಿವಕುಮಾರ ನನ್ನ ಎಲ್ಲ ಮಾತಿಗೂ ಹೌದು ಅಂದವನು. ಅಲ್ಲಿ ಎರಡು ಕಂಪ್ಯೂಟರು, ಹೊರಗೊಂದು, ಒಳಕೋಣೆಯಲ್ಲೊಂದು. ಒಳಗಿನದು ಕೆಟ್ಟು ಬಿದ್ದಿದೆ ಎಂದು ಅವನೇ ಹೇಳಿದ್ದರಿಂದ ಹೊರಗಿನದಕ್ಕೆ ಮೀಟರು ಹಚ್ಚಿ, ಬೇರೆ ಕಡೆ ಮಾಡಿದಂತೆ ಗುರುತಿಗೆ ಕಂಪ್ಯೂಟರಿನ ಡಬ್ಬಿಗೆ ನನ್ನ ಹಳದಿ ಚೀಟಿ ಅಂಟಿಸಿದೆ. ಹೋದಾಗೆಲ್ಲ ಅವನು ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ. "ನೀವು ಹೇಳಿದ್ದು ಬರೋಬ್ಬರಿ ಅದರಿ ಮೇಡಂ" ಎನ್ನುತ್ತ ಚುರಮುರಿ ಸುಸಲಾ ತರಿಸುತ್ತಿದ್ದ. ಮೀಟರಿನಲ್ಲಿ ಅಂಕಿ ಏರುತ್ತಲೇ ಇರಲಿಲ್ಲ. ಒಂದು ಸೋಮವಾರ ಸಾಯಗಾಂವದ ಮುದುಕಿಯೊಬ್ಬಳು ಬಂದು, ಅವನು ಮುಂದೆಯೇ ಕೂತಿದ್ದರೂ ಸೀದಾ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು. "ಅಲ್ಲಲ್ಲವ್ವಾ, ಇಲ್ಲಿ ಬಾ" ಎಂದು ಶಿವಕುಮಾರ ಗಡಬಡಿಸಿ ಕರೆದ. ನಾನು ನೋಡಿದೆ. ನೋಡಿ ಸುಸಲಾ ತಿಂದೆ. ಎದುರಾಳಿ ಒಪ್ಪಿಕೊಂಡಷ್ಟೂ ಎಚ್ಚರ ಇರಬೇಕೆಂದು ಕಿರಿಯರಿಗೆ ಪಾಠ ಹೇಳಿದವಳು ನಾನೇ.

ನನ್ನ ಸಂಶಯವೆಲ್ಲ ಔರಾದಕ್ಕೆ ಮೀಸಲಾಗಿತ್ತು.

ಬೀದರದ ಕೆಂಪು ಮಣ್ಣು ಹಿಂದೆ ಬಿದ್ದು, ಸಂತಪೂರ ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ಮಳೆ ಕುಡಿದ ಕಪ್ಪು ಹೊಲ, ಅದರಲ್ಲಿ ಸೋಯಾ. ಶಾಖೆ ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಕೋಣೆಯಲ್ಲಿ. ಒಂದೇ ಕಂಪ್ಯೂಟರು. ಅದರ ಆಪರೇಟರು ನಸೀಮಾ ಆಪಾ, ನಲವತ್ತು ದಾಟಿದ ಹೆಂಗಸು. ಮನೆಯಲ್ಲಿ ದಖ್ಖನಿ ಮಾತು, ಕೌಂಟರಿನಲ್ಲಿ ಕನ್ನಡ, ಗಡಿಯ ಡಾಬಕಾ ಕಡೆಯಿಂದ ಬಂದವರ ಜೊತೆ ಮರಾಠಿ. ಒಂದೇ ಉಸಿರಿನಲ್ಲಿ ಮೂರನ್ನೂ ಆಡುತ್ತ ಚೀಟಿ ತೆಗೆಯುತ್ತಿದ್ದಳು. ಕೆಲಸ ಮುಗಿದೊಡನೆ ಕಂಪ್ಯೂಟರಿಗೆ ಶಾಲು ಹೊದಿಸುತ್ತಿದ್ದಳು. ಒಂದಲ್ಲ, ಮೂರು. ವರ್ಗವಾಗಿ ಹೋದ ಮೂವರು ಅಧಿಕಾರಿಗಳು ತಮಗೆ ಹಾಕಿದ ಶಾಲುಗಳನ್ನು ಕುರ್ಚಿಯ ಮೇಲೆಯೇ ಬಿಟ್ಟುಹೋಗಿದ್ದರು. ನಮ್ಮ ಕಡೆ ಕಚೇರಿಗಳಲ್ಲಿ ಸನ್ಮಾನದ ಶಾಲು ಕೊನೆಗೆ ಸೇರುವುದು ಯಂತ್ರದ ಮೈಗೇ. ದೊಡ್ಡದಾದ ಹಸಿರು ಶಾಲಿನ ಜರಿಯಂಚು ಮೇಜಿನಿಂದ ಕೆಳಗಿಳಿದು ನೆಲದ ಮೇಲಿನ ಯುಪಿಎಸ್ ಡಬ್ಬಿಯನ್ನೂ ಮುಚ್ಚುತ್ತಿತ್ತು. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಬದುಕಿಸಬೇಕಾದ ಬ್ಯಾಟರಿ ಡಬ್ಬಿ ಅದು. ಅದರ ಪ್ಲಗ್ಗಿಗೇ ನಾನು ಮೀಟರು ಸಿಕ್ಕಿಸಿದ್ದೆ. ಕಂಪ್ಯೂಟರಿಗೆ ಕರೆಂಟು ಅದರ ಮೂಲಕವೇ ಹೋಗುತ್ತಿತ್ತು, ಕೈಗೆಟುಕಿದ ಸಾಕೆಟ್ಟೂ ಅದೊಂದೇ.

ಮೊದಲ ವಾರದ ಅಂಕಿ ನೋಡಿ ಲೆಕ್ಕ ಹಾಕಿದೆ. ದಿನಕ್ಕೆ ಎರಡೂವರೆ ಯೂನಿಟ್ಟಿನ ಹತ್ತಿರ. ಹಗಲು ಏಳು ತಾಸು ನಡೆಯುವ ಒಂದು ಕಂಪ್ಯೂಟರು ಇಷ್ಟು ಕುಡಿಯಲಾರದು. ಹಗಲೂ ರಾತ್ರಿ ಚಾಲೂ ಇದ್ದರೆ ಮಾತ್ರ ಸರಿಹೊಂದುತ್ತದೆ.

"ಆಪಾ, ನೀವು ಇದನ್ನ ಆರಿಸದಽ ಹೋಗ್ತೀರಿ."

"ಆರಿಸಿ ಹೋಗ್ತೇನಿ ತಂಗಿ."

"ಮತ್ತ ಇದು?"

"ನನಗೇನು ಗೊತ್ತು? ನಿನ್ನ ಮೀಟರ್ ಡಬ್ಬಿ, ನೀನಽ ಕೇಳು. ಅದಿರ್ಲಿ, ಈ ಯುಪಿಎಸ್ ನೋಡು. ಕರೆಂಟ್ ಹೋದ್ರ ಪಟ್ಟಂತ ಎಲ್ಲಾ ಬಂದ್ ಆಗ್ತದ. ಬೀದರಕ್ಕ ಎರಡು ಸಲ ಬರದು ಕೊಟ್ಟೀನಿ."

"ಆಪಾ, ವಿಷಯಾಂತರ ಮಾಡಬ್ಯಾಡ್ರಿ."

ಈಗಲೂ ನೆನೆದರೆ ಕಿವಿ ಬಿಸಿಯಾಗುವ ಮಾತು ಅದು. ವೇದಿಕೆಯಲ್ಲಿ ಎದುರಾಳಿ ಜಾರಿಕೊಳ್ಳುವುದು ಹೀಗೆಯೇ, ಬೇರೆ ವಿಷಯ ಎತ್ತಿ. ಹಾಗೆ ಎತ್ತಿದವರನ್ನು ಅಲ್ಲೇ ಕಟ್ಟಿಹಾಕುವುದನ್ನು ನಾನು ಕಲಿತಿದ್ದೆ. ಎರಡು ವಾರ ಬಿಟ್ಟು ಅವಳು ಮತ್ತೆ ಯುಪಿಎಸ್ ಮಾತು ತೆಗೆದಳು. ನಾನು ಮತ್ತೆ ಅದೇ ಅಂದೆ. ಮೂರನೆಯ ಸಲ ಅವಳು ಹೇಳಲಿಲ್ಲ. ಕೆಲಸಕ್ಕೆ ಬಾರದ ತಕರಾರು ಬಿಟ್ಟಳು ಎಂದುಕೊಂಡೆ.

ಶ್ರಾವಣದ ಜಿಟಿಜಿಟಿ ಹಿಡಿದ ಒಂದು ಶನಿವಾರ ಹೇಳದೆ ಕೇಳದೆ ಔರಾದಕ್ಕೆ ಹೋದೆ. ಕಚೇರಿ ಮುಚ್ಚುವವರೆಗೆ ಕೂತೆ. ಅವಳು ನನ್ನೆದುರೇ ಕಂಪ್ಯೂಟರ್ ಆರಿಸಿದಳು. ಗೋಡೆಯ ಕ್ಯಾಲೆಂಡರಿನಿಂದ ಒಂದು ಚೂರು ಹರಿದು, ಕಂಪ್ಯೂಟರಿನ ಡಬ್ಬಿಯ ಗುಂಡಿಯ ಮೇಲೆ ಅಂಟಿಸಿದೆ. ಯಾರಾದರೂ ಒತ್ತಿದರೆ ಹರಿಯಬೇಕು. ಅವಳು ನೋಡಿ ಅದರ ಮೇಲೆ ಮೂರೂ ಶಾಲು ಹೊದಿಸಿದಳು.

ಸೋಮವಾರ ಮೊದಲ ಬಸ್ಸಿಗೆ ಹೋಗಿ ಅವಳಿಗಿಂತ ಮುಂಚೆ ಬಾಗಿಲಲ್ಲಿ ನಿಂತೆ. ಬೀಗ ತೆಗೆದಳು. ನಾನು ಧಾವಿಸಿ ಶಾಲು ಹಿಡಿದೆ. ಕೆಳಗಿನ ಅಂಚು ಬೆಚ್ಚಗಿತ್ತು. ಮಳೆಗೆ ಗೋಡೆ ಬೆವರುತ್ತಿದ್ದ ಆ ಕೋಣೆಯಲ್ಲಿ, ಒಂದೂವರೆ ದಿನ ಬೀಗ ಬಿದ್ದಿದ್ದ ಕೋಣೆಯಲ್ಲಿ, ಜರಿ ಕಾಯ್ದು ವಾಸನೆ ಬರುತ್ತಿತ್ತು. ಮೀಟರಿನಲ್ಲಿ ಅಂಕಿ ಏರಿತ್ತು.

"ಕಾಗದ ನೋಡು ಮೊದಲ," ಅಂದಳು ಆಪಾ.

ಕಾಗದ ಹರಿದಿರಲಿಲ್ಲ. ನಾನು ಏನಂದೆ ಗೊತ್ತೆ? "ಆ ಕ್ಯಾಲೆಂಡರ್ ನಿಮಗೂ ಸಿಗ್ತದಲ್ಲರಿ ಆಪಾ. ಹೊಸಾ ಚೂರು ಅಂಟಿಸಲಿಕ್ಕ ಎಷ್ಟೊತ್ತು?"

ಅವಳು ನನ್ನ ಕೈಯಿಂದ ಶಾಲು ತೆಗೆದುಕೊಂಡಳು. "ಖುದಾ ಕಸಂ, ನಿನ್ನ ಬಾಯಿ ಮುಂದ ಯಾರೂ ನಿಲ್ಲಂಗಿಲ್ಲ. ನೀ ಗೆದ್ದಿ ತಗೋ. ಆದ್ರ ನಾ ಆರಿಸಿದ್ದು ಆರಿಸಿದ್ದಽ."

ವರದಿ ಬರೆದೆ. ಅಂಥ ವರದಿ ಮತ್ತೆ ಬರೆದಿಲ್ಲ, ಅಷ್ಟು ಬಿಗಿ. ಒಂದು, ಲೆಕ್ಕ. ಎರಡು, ಬೀಗ ಹಾಕಿದ ಕೋಣೆಯಲ್ಲಿ ಬೆಚ್ಚಗಿದ್ದ ಶಾಲು. ಮೂರು, ಪ್ರಶ್ನೆ ಕೇಳಿದಾಗೆಲ್ಲ ಆಪರೇಟರು ಮಾಡಿದ ವಿಷಯಾಂತರ. ದಸರೆಯ ಹಿಂದಿನ ಶನಿವಾರ ಪಾಟೀಲ ಸರ್ ಕೈಗೆ ಕೊಟ್ಟೆ. ಅವರು ಓದಿ, "ಇದಕ್ಕ ಯಾರೂ ಉತ್ತರ ಕೊಡಲಿಕ್ಕೆ ಆಗಂಗಿಲ್ಲ" ಅಂದರು. ಮನೆಗೆ ಹೋಗುವಾಗ ಎಂಟನೆಯ ಫಲಕ ಸಿಕ್ಕಂತೆ ಇತ್ತು. ಭಾಲ್ಕಿಯ ಶಿವಕುಮಾರನಿಗೆ ಶಾಲು, ಔರಾದದ ನಸೀಮಾ ಆಪಾಳಿಗೆ ಮನೆಯ ದಾರಿ.

ಸಂಘದಲ್ಲಿ ಒಂದು ಪದ್ಧತಿ ಉಂಟು. ಮೊದಲು ಶಾಖೆಗಳಲ್ಲಿ ಬೀಜ ತೂಗುವ ತಕ್ಕಡಿ, ಕಲ್ಲುಗಳನ್ನು ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಬೀದರಕ್ಕೆ ತಂದು, ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ಪೂಜಿಸುತ್ತಿದ್ದರಂತೆ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಈಗ ತಕ್ಕಡಿಯ ಜಾಗಕ್ಕೆ ಕಂಪ್ಯೂಟರು ಬಂದಿದೆ. ಪರದೆ ಶಾಖೆಯಲ್ಲೇ ಬಿಟ್ಟು, ಡಬ್ಬಿಯನ್ನಷ್ಟೇ ಹೊತ್ತು ತರುತ್ತಾರೆ.

ಆ ಸೋಮವಾರ ಔರಾದದಲ್ಲಿ ಮೀಟರಿನ ಅಂಕಿ ಬರೆದುಕೊಂಡು, ಆಪಾಳ ಜೊತೆ ಒಂದೇ ಬಸ್ಸಿನಲ್ಲಿ ವಾಪಸಾದೆ. ಅವಳು ಡಬ್ಬಿಯನ್ನು ಒಂದು ಶಾಲಿನಲ್ಲಿ ಸುತ್ತಿ ತೊಡೆಯ ಮೇಲೆ ಹಿಡಿದಿದ್ದಳು. ಕಂಡಕ್ಟರ್, "ಕೂಸಿಗೂ ಟಿಕೀಟ್ ತಗೀಲೇನು ಅಕ್ಕಾ?" ಎಂದ. ಬಸ್ಸಿನ ತುಂಬ ನಗು. ಆಪಾಳೂ ನಕ್ಕಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದಳು:

"ಬರದು ಕೊಟ್ಟೀ ಅಂತ?"

"ಹೂಂ ಆಪಾ."

"ನನ್ನ ಹೆಸರು ಬರೋಬ್ಬರಿ ಬರದೀ ಇಲ್ಲೊ? ಎಲ್ಲಾರೂ ತಪ್ಪು ಬರೀತಾರ."

ಬೀದರ ಬಂದಾಗ ಡಬ್ಬಿಯನ್ನು ತಾನೇ ಹೊತ್ತುಕೊಂಡು ಇಳಿದಳು.

ಮರುದಿನ ಪೂಜೆ. ಸಭಾಗೃಹದಲ್ಲಿ ಡಬ್ಬಿಗಳ ಸಾಲು, ಮೇಲೆ ಚೆಂಡು ಹೂವು, ಬೂದುಗುಂಬಳ. ನನಗೆ ಆರತಿಗಿಂತ ನನ್ನ ಹಳದಿ ಚೀಟಿಗಳನ್ನು ಎಣಿಸುವ ಖಯಾಲಿ. ಬೀದರದ ಡಬ್ಬಿಯ ಮೇಲೆ ಇದೆ. ಔರಾದದ್ದರ ಮೇಲೆ ಇದೆ. ಭಾಲ್ಕಿಯದರ ಮೇಲೆ ಇಲ್ಲ. ಸುತ್ತ ತಿರುಗಿಸಿ ನೋಡಿದೆ, ಕಿತ್ತ ಗುರುತೂ ಇಲ್ಲ. ಈ ಡಬ್ಬಿ ನಾನು ಕಂಡದ್ದೇ ಅಲ್ಲ. ಗುಂಡಿ ಸವೆದು ನುಣ್ಣಗಾಗಿತ್ತು.

"ಶಿವಕುಮಾರ, ನನ್ನ ಚೀಟಿ ಎಲ್ಲಿ?"

ಅವನು ಕೈಯಲ್ಲಿ ಊದುಬತ್ತಿ ಹಿಡಿದಿದ್ದ. ಭಕ್ತಿಯಲ್ಲಿ ಇದ್ದವನು, ಯೋಚಿಸದೆ ಹೇಳಿಬಿಟ್ಟ: "ಅದು ಸುಮ್ನ ಕುಂತದ್ದರಿ ಮೇಡಂ. ದೇವರ ಮುಂದ ದುಡಿಯೂ ಮಷೀನಽ ಇಡಬೇಕ್ರಿ."

ಹೇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಮೀಟರಿಗೆ ನಾಲ್ಕು ತಿಂಗಳು ಸುಳ್ಳು ಹೇಳಿದವನು ಖಂಡೆ ಪೂಜೆಗೆ ಒಂದು ದಿನ ಸುಳ್ಳು ಹೇಳಲಾರದೆ ಹೋದ. ಕೆಟ್ಟಿದೆ ಎಂದಿದ್ದ ಒಳಕೋಣೆಯ ಕಂಪ್ಯೂಟರಿನಲ್ಲೇ ಎಲ್ಲ ಕೆಲಸ. ನನ್ನ ಮೀಟರಿನದು ನಾನು ಬಂದಾಗ ಮಾತ್ರ ಕಣ್ಣು ಬಿಡುತ್ತಿತ್ತು.

ಗೆದ್ದೆ ಅನಿಸಬೇಕಿತ್ತು. ಆದರೆ ಕಣ್ಣು ಪಕ್ಕದ ಡಬ್ಬಿಗೆ ಹೋಯಿತು. ಔರಾದದ್ದು, ನನ್ನ ಚೀಟಿಯೊಂದಿಗೆ, ಕುಂಕುಮ ಹಚ್ಚಿಸಿಕೊಂಡು, ಬಾಲದ ವೈರಿಲ್ಲದೆ ಇಲ್ಲಿ ಕೂತಿದೆ. ಮೂರು ದಿನ ಇಲ್ಲೇ ಇರುತ್ತದೆ. ಹಾಗಾದರೆ ಅಲ್ಲಿ ಮೀಟರಿನ ಅಂಕಿ ನಿಂತಿರಬೇಕು. ನಿಂತಿರದಿದ್ದರೆ? ಈ ಪ್ರಶ್ನೆಯನ್ನು ನನಗೆ ನಾನು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಬನ್ನಿ ಹಂಚಿದ ಮರುದಿನ, ಗುರುವಾರ, ಆಪಾಳ ಜೊತೆ ಔರಾದಕ್ಕೆ ಹೊರಟೆ. ಈ ಸಲ ಡಬ್ಬಿ ನನ್ನ ತೊಡೆಯ ಮೇಲೆ. "ನೀ ಯಾಕ ಬರ್ತಿ?" ಎಂದು ಕೇಳಿದಳು. "ನೋಡಬೇಕಾಗ್ಯಾದ" ಅಂದೆ. ಮುಂಗಾರು ಮುಗಿದು ಆಕಾಶ ತೊಳೆದಂತಿತ್ತು. ಹೊಲಗಳಲ್ಲಿ ಸೋಯಾ ರಾಶಿಯ ಧೂಳು. ಬೀಗ ತೆಗೆದೊಡನೆ ಅದೇ ವಾಸನೆ. ಹಸಿರು ಶಾಲಿನ ಅಂಚು ಬೆಚ್ಚಗಿತ್ತು. ಬಗ್ಗಿ ಮೀಟರು ನೋಡಿದೆ. ಐದು ಯೂನಿಟ್ ಏರಿತ್ತು. ಕಂಪ್ಯೂಟರು ನನ್ನ ತೋಳಿನಲ್ಲಿತ್ತು.

ಶಾಲು ಎತ್ತಿ ಯುಪಿಎಸ್ ಮೇಲೆ ಕೈಯಿಟ್ಟೆ. ತವೆಯಂತೆ ಕಾಯ್ದಿತ್ತು. ಒಳಗೆ ಸತ್ತ ಬ್ಯಾಟರಿ. ತುಂಬದ್ದನ್ನು ತುಂಬುತ್ತ ಹಗಲೂ ರಾತ್ರಿ ಕರೆಂಟು ಕುಡಿಯುತ್ತಿತ್ತು.

"ಇದರ ಬೋರ್ಡ್ ಯಾಕ ಆರಿಸಿಲ್ಲ ಆಪಾ?"

"ಬ್ಯಾಟರಿ ಚಾರ್ಜ್ ಆಗ್ಲಿ, ಆರಿಸಬ್ಯಾಡ ಅಂತ ನಿಮ್ಮ ಬೀದರದವರಽ ಹೇಳ್ಯಾರ." ಕಿಟಕಿ ತೆರೆಯುತ್ತ, "ಎರಡು ಸಲ ಹೇಳ್ಲಿಕ್ಕೆ ಹೋದೆ. ನಿನಗ ಅದ್ಯಾವುದೋ ಅಂತರ ಆಯ್ತು."

"ನಾ ಬ್ಯಾರೆ ವರದಿ ಬರೀತೇನಿ."

"ನಿನ್ನ ಕಾಗದ ಸಾಕವ್ವಾ," ಎಂದಳು. "ನಾ ಇದನ್ನಽ ಹೊತ್ಕೊಂಡು ಬರ್ತೇನಿ."

ಶನಿವಾರ ಕಮಿಟಿ ಕೂತಿತು. ತಟ್ಟೆಯಲ್ಲಿ ಭಾಲ್ಕಿಯವನಿಗೆಂದು ತಂದ ಹೊಸ ಶಾಲು. ಪಾಟೀಲ ಸರ್ ನನ್ನ ವರದಿ ಓದಿದರು. ಕೇಳಿದಷ್ಟೂ ಕಮಿಟಿಯವರು ತಲೆದೂಗಿದರು, ಅಷ್ಟು ಚೆನ್ನಾಗಿತ್ತು. ನಾನು ಎದ್ದು, ಇದು ತಪ್ಪು ಅಂದೆ. ಭಾಲ್ಕಿಯ ಕಥೆ ಹೇಳಿದೆ, ಯುಪಿಎಸ್ ಕಥೆ ಹೇಳಿದೆ. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಕೇಳಿದರು: "ಹ್ವಾದ ವಾರ ಹಿಂಗಂದ್ರಿ, ಈಗ ಹಂಗಂತೀರಿ. ಎರಡೂ ಛಲೋನಽ ಮಾತಾಡ್ತೀರಿ. ನಾವು ಯಾವುದನ್ನ ನಂಬಬೇಕವ್ವಾ?"

ಪರ-ವಿರೋಧ ಎರಡೂ ಕಡೆಯಿಂದ ಮಾತಾಡಿ ಬಹುಮಾನ ತಂದವಳು ನಾನು.

ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಆಪಾ ಎದ್ದಳು. ಹಸಿರು ಶಾಲಿನ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟು ಬಿಚ್ಚಿದಳು. ಯುಪಿಎಸ್. ನಾನು ಔರಾದದಿಂದ ಬಿಚ್ಚಿ ತಂದಿದ್ದ ಮೀಟರನ್ನು ನನ್ನ ಕೈಚೀಲದಿಂದ ಕೇಳಿ ತೆಗೆದುಕೊಂಡಳು. ಗೋಡೆಗೆ ಮೀಟರು, ಮೀಟರಿಗೆ ಯುಪಿಎಸ್, ಯುಪಿಎಸ್ಸಿಗೆ ಏನೂ ಇಲ್ಲ. ಔರಾದದಲ್ಲಿ ಇದ್ದಂತೆಯೇ ಮೇಲೆ ಶಾಲು ಮುಚ್ಚಿ ಹೋಗಿ ಕೂತಳು. ಕಮಿಟಿ ಬೇರೆ ವಿಷಯಗಳಿಗೆ ಹೋಯಿತು, ಚಹಾ ಬಂತು, ಚಹಾ ಮುಗಿಯಿತು. ಕೊನೆಗೆ ಪಾಟೀಲ ಸರ್ ತಾವೇ ಎದ್ದು ಮೀಟರು ನೋಡಿದರು, ಅಂಕಿ ಏರಿತ್ತು. ಶಾಲು ಸರಿಸಿ ಡಬ್ಬಿ ಮುಟ್ಟಿ ಕೈ ಹಿಂದೆಳೆದುಕೊಂಡರು. ಡಬ್ಬಿಯ ಬೆನ್ನಿಗೆ ಮುಖ್ಯ ಕಚೇರಿಯ ಹಳೆಯ ನಂಬರಿತ್ತು. ಬೀದರಕ್ಕೆ ಹೊಸದು ಬಂದಾಗ ಔರಾದಕ್ಕೆ ದಾಟಿಸಿದ ಡಬ್ಬಿ ಅದು.

ಆಪಾಳ ಗುತ್ತಿಗೆ ಮುಂದುವರಿಯಿತು. ಔರಾದಕ್ಕೆ ಹೊಸ ಬ್ಯಾಟರಿ ಮಂಜೂರಾಯಿತು. ಶಿವಕುಮಾರನಿಗೆ ಬೈಗಳು. ಅದರಿಂದಾಚೆ ಏನಾದರೂ ಆಯಿತೇ ಎಂಬುದರಲ್ಲಿ ನನಗೆ ಇಂದಿಗೂ ಸಂಶಯ. ನನ್ನ ಆರು ತಿಂಗಳು ಮುಗಿಯಲು ಬಂದಿತ್ತು, ಮುಂದುವರಿಸುವ ಮಾತು ಯಾರೂ ಎತ್ತಲಿಲ್ಲ. ಏಸಿಗೆ ಆಮೇಲೂ ಯಾರೂ ಮೀಟರು ಹಚ್ಚಲಿಲ್ಲ.

ತಟ್ಟೆಯಲ್ಲಿದ್ದ ಹೊಸ ಶಾಲನ್ನು ಯಾರಿಗೆ ಹಾಕುವುದು ಎಂದು ಯಾರಿಗೂ ತಿಳಿಯದೆ ಎಲ್ಲರೂ ನಿಂತಿದ್ದಾಗ, ಆಪಾ ಯುಪಿಎಸ್ ಮೇಲಿನ ಹಸಿರು ಶಾಲನ್ನು ಎತ್ತಿ ಕೊಡವಿ, ನನ್ನ ಹತ್ತಿರ ಬಂದಳು. ಕಮಿಟಿಯವರೆಲ್ಲ ನೋಡುತ್ತಿದ್ದಂತೆ ನನ್ನ ಹೆಗಲ ಮೇಲೆ ಹೊದಿಸಿ, ಎರಡೂ ಅಂಚು ಹಿಡಿದು ಮುಂದಕ್ಕೆ ಎಳೆದಳು. ರಾಜಣ್ಣ ಅರ್ಥವಾಗದೆ ಚಪ್ಪಾಳೆ ಹೊಡೆದ.

"ಬೆಚ್ಚಗ ಅದ ಇಲ್ಲೊ, ತಂಗಿ?"

"ಅದರಿ ಆಪಾ."

"ಈಗ ಹೇಳು. ಕಂಪ್ಯೂಟರ್ ಚಾಲೂ ಅದನ?"